ನಾಲ್ಕು ಪದಗಳ ಅಂಕಣದಲ್ಲಿ ದಿಲ್‌ಶಾದ್ ಬೇಗಂ

ಹೋದ ವರ್ಷ ಜನಗಣತಿಯ ಮೇಲ್ವಿಚಾರಕರಾಗಿದ್ದು ಈಗ ಪಾಠಶಾಲಾ ಸಮಿತಿಯ ಅಧ್ಯಕ್ಷರಾಗಿರುವ ಮಾನ್ಯರೇ,

ನೀವು ಮಾತಿಗೆ ತಪ್ಪಿದ್ದೀರಿ. ಗುಟ್ಟಾಗಿಡುವೆನೆಂದು ನನ್ನಿಂದ ಬರೆಸಿಕೊಂಡ ಒಂದು ಪದವನ್ನು ಹದಿಮೂರು ತಿಂಗಳ ಬಳಿಕ ಹೊರತೆಗೆದು, ನಮ್ಮೂರ ಹೆಣ್ಣುಮಕ್ಕಳ ಪಾಠಶಾಲೆಯ ಉಪಾಧ್ಯಾಯಿನಿ ದಿಲ್‌ಶಾದ್ ಬೇಗಂ ಅವರನ್ನು ಕೆಲಸದಿಂದ ಬಿಡಿಸಲು ಬಳಸಿದ್ದೀರಿ. ಬರುವ ತಿಂಗಳ ಮೊದಲನೆಯ ತಾರೀಖಿಗೆ ಅವರು ಶಾಲೆಯ ಬೀಗದ ಕೈ ಒಪ್ಪಿಸಬೇಕಂತೆ. ಆದೇಶದಲ್ಲಿ ಕಾರಣವನ್ನೂ ಕೊಟ್ಟಿದ್ದೀರಿ: “ಗಣತಿದಾರರ ದಾಖಲೆಯ ಪ್ರಕಾರ ಹುಚ್ಚು.” ಆ ಗಣತಿದಾರ ನಾನು. ಆ ಕೈಬರಹ ನನ್ನದು. ಈ ಪತ್ರವನ್ನು ಕಚೇರಿಗೆ ಕಳುಹಿಸದೆ ಪತ್ರಿಕೆಗೆ ಕೊಟ್ಟಿರುವುದೂ ಅದಕ್ಕಾಗಿಯೇ. ನಿಮ್ಮ ಕಚೇರಿಗೆ ಹೋದ ಕಾಗದ ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಜಾರುತ್ತದೆಂಬುದನ್ನು ಈಗ ಬಲ್ಲೆ.

೧೯೩೧ನೆಯ ಇಸವಿಯ ಜನವರಿಯಲ್ಲಿ ಹೊನ್ನಾಳಿಯ ಬಂಗಲೆಯ ಜಗಲಿಯ ಮೇಲೆ ನಮ್ಮನ್ನು ಕೂರಿಸಿಕೊಂಡು ನೀವು ಪಾಠ ಹೇಳಿದಿರಿ. ನೀವು ‘ಖಾನೇಷುಮಾರಿ’ ಎಂದಿರಿ. ಕನ್ನಡದಲ್ಲಿ ಜನಗಣತಿ ಎನ್ನಬಹುದೆಂದು ನಾನು ಸೂಚಿಸಿದೆ. ನೀವು ನಕ್ಕಿರಿ. ಅದನ್ನು ಕ್ಷಮಿಸಿದ್ದೇನೆ. ಕ್ಷಮಿಸಲಾರದ್ದು ಆ ಬಳಿಕ ನುಡಿದದ್ದು. ಊನಗಳನ್ನು ನಮೂದಿಸುವ ಅಂಕಣದಲ್ಲಿ ನಾಲ್ಕೇ ಪದಗಳಿಗೆ ಅನುಮತಿಯಿತ್ತು: ಕುರುಡು, ಕಿವುಡುಮೂಗು, ಕುಷ್ಠ, ಹುಚ್ಚು. “ಏನನ್ನೂ ಮುಚ್ಚಿಡದೆ ಬರೆಯಿರಿ. ಬರೆದದ್ದು ಯಾರ ಕಣ್ಣಿಗೂ ಬೀಳದು. ಎಲ್ಲಿ ರೋಗಿಗಳಿದ್ದಾರೋ ಅಲ್ಲಿಗೆ ವೈದ್ಯರು ಬರುತ್ತಾರೆ” ಎಂದಿರಿ. ನಾನು ನಂಬಿದೆ.

ದಿಲ್‌ಶಾದ್ ಬೇಗಂ ಅವರ ಪತಿ ಬಡೇಸಾಬರು ತಗಡಿನ ಪೆಟ್ಟಿಗೆ ಮಾಡುವವರು. ನಾನು ಅವರ ಬಾಗಿಲಿಗೆ ಹೋದಾಗ, ಇಬ್ಬರು ಹೆಣ್ಣುಮಕ್ಕಳೂ ಮೂರು ದಿನಗಳ ಅಂತರದಲ್ಲಿ ವಾಂತಿಭೇದಿಯಿಂದ ತೀರಿಹೋಗಿ ತಿಂಗಳಾಗಿತ್ತು. ತಾಯಿ ಗೋಡೆಗೆ ಮುಖಮಾಡಿ ಕುಳಿತಿದ್ದರು. ಹೆಸರು ಹಿಡಿದು ಕರೆದರೂ ತಿರುಗಲಿಲ್ಲ. ಊಟವಿಲ್ಲ, ನಿದ್ದೆಯಿಲ್ಲ, ಬೀದಿಯಲ್ಲಿ ಯಾರದೋ ಮಗು ಅತ್ತರೆ ಮೈಯೆಲ್ಲ ನಡುಗುತ್ತಿತ್ತು.

“ಹುಚ್ಚಲ್ಲ ಮೇಷ್ಟ್ರೇ, ಮನಸು ಸೋತೈತೆ. ಹಂಗಂತ ಬರೀರಿ” ಎಂದರು ಬಡೇಸಾಬರು.

“ಈ ಅಂಕಣದಲ್ಲಿ ಆ ಮಾತಿಗೆ ಎಡೆಯಿಲ್ಲ” ಎಂದೆ.

“ಮಗ್ಗುಲ ಮನೆ ಖಾಲಿ ಐತಲ್ರೀ. ಅದ್ರಾಗೆ ಬರೀರಿ.”

“ಆ ಅಂಕಣ ಇಂಗ್ಲಿಷ್ ಬಲ್ಲವರನ್ನು ನಮೂದಿಸಲು.”

“ಈ ಕೇರಿಯಾಗೆ ಅದನ್ನ ತುಂಬ್ಸಾಕೆ ಯಾರದಾರೆ ಮೇಷ್ಟ್ರೇ? ಸುಮ್ಕೆ ಹಾಳಾಗ್ತೈತೆ.”

ಖಾಲಿ ಬಿಟ್ಟರೆ ವೈದ್ಯರು ಬರುವುದಿಲ್ಲವೆಂದು ನಾನೇ ಅವರಿಗೆ ತಿಳಿಹೇಳಿದೆ. ಬರೆದೆ. ವೈದ್ಯರು ಇಂದಿಗೂ ಬಂದಿಲ್ಲ.

ಮಾನ್ಯರೇ, ಕಳವಳ, ದಿಗಿಲು, ತಳಮಳ, ಬೇಗುದಿ, ಕೊರಗು, ಮಂಕು ಇವೆಲ್ಲವೂ ಒಂದೇ ಎಂದು ನಿಮ್ಮ ಕಚೇರಿ ತಿಳಿದಿದೆಯೆ? ಅಕ್ಷರ ಬಾರದ ಅಜ್ಜಿಯೂ ಇವುಗಳನ್ನು ಒಂದರ ಬದಲು ಇನ್ನೊಂದಾಗಿ ಆಡುವುದಿಲ್ಲ. ಕೊರಗುವವರ ಬಳಿ ಹೇಗೆ ಕೂರಬೇಕು, ದಿಗಿಲುಗೊಂಡವರನ್ನು ಹೇಗೆ ಮಾತಾಡಿಸಬೇಕು ಎಂಬುದು ಆಕೆಗೆ ಗೊತ್ತು. ಏರಿನಲ್ಲಿ ಎತ್ತು ಕುಸಿದರೆ ಗಾಡಿಯವನು ನೊಗ ಕಳಚಿ ನೀರು ಕುಡಿಸುತ್ತಾನೆ. ಕುಂಟೆತ್ತು ಎಂದು ಬರೆದುಕೊಂಡು ಕಟುಕನಿಗೆ ಹೇಳಿಕಳುಹಿಸುವುದಿಲ್ಲ. ಮನಸ್ಸೂ ದೇಹದಂತೆಯೇ ಹೊರೆಯಡಿಯಲ್ಲಿ ಬಳಲುತ್ತದೆ. ಬಳಲಿದ್ದು ತಂಗುತ್ತದೆ, ತಂಗಿದ್ದು ಏಳುತ್ತದೆ. ಇಷ್ಟನ್ನು ತಿಳಿಯಲು ಯಾವ ಪದವಿ ಬೇಕು?

ಅವರು ಎದ್ದದ್ದು ಹೇಗೆಂದು ಕೇಳಿ. ನೆರೆಮನೆಯ ಸಿದ್ದಲಿಂಗಮ್ಮನವರು, ಅಡಕೆ ವ್ಯಾಪಾರಿಯೊಬ್ಬರ ಮಡದಿ, ದಿನವೂ ಬೆಳಿಗ್ಗೆ ಮೊರ ಹಿಡಿದು ಹೋಗಿ ಅವರ ಪಕ್ಕದಲ್ಲಿ ಕುಳಿತು ಕಾಳು ಹಸನು ಮಾಡಿದರು. ಸಮಾಧಾನದ ಒಂದು ಮಾತನ್ನೂ ಹೇಳಲಿಲ್ಲ. ತಮ್ಮ ಸೊಸೆಯನ್ನು ಬೈದುಕೊಂಡು ಕುಳಿತಿದ್ದರು. ಮೂರನೆಯ ವಾರದಲ್ಲಿ ದಿಲ್‌ಶಾದ್ ಬೇಗಂ ಮೊರಕ್ಕೆ ಕೈಹಾಕಿ, “ಇಷ್ಟು ಕಲ್ಲು ಬಿಟ್ಟೀರಲ್ರೀ ಸಿದ್ದಲಿಂಗಮ್ಮಾರೆ! ನಿಮ್ಮ ಸೊಸೇದು ಏನೂ ತಪ್ಪಿಲ್ಲ” ಎಂದರಂತೆ. ಮಕ್ಕಳು ಹೋದ ಮೇಲೆ ಅವರಾಡಿದ ಮೊದಲ ಮಾತು ಅದು. ಯುಗಾದಿ ಕಳೆದ ಬಳಿಕ ಶಾಲೆಗೆ ಮರಳಿದರು. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಹೋದ ನವೆಂಬರಿನಲ್ಲಿ ಶಾಲೆಯ ತನಿಖಾ ಪುಸ್ತಕದಲ್ಲಿ “ಬೋಧನೆ ತೃಪ್ತಿಕರ” ಎಂದು ಬರೆದು ಸಹಿಮಾಡಿದವರು ನೀವೇ. ಕೆಲಸವನ್ನು ಕಾಯಂ ಮಾಡುವ ಸರದಿ ಬಂದಾಗ ಮಾತ್ರ ಹಳೆಯ ಪಟ್ಟಿ ನೆನಪಾಯಿತು. ನಿಮ್ಮ ಎರಡು ಸಹಿಗಳಲ್ಲಿ ಯಾವುದನ್ನು ನಾವು ನಂಬಬೇಕು?

ಆದೇಶ ಬಂದ ಸಂಜೆ ಸಿದ್ದಲಿಂಗಮ್ಮನವರು ನನ್ನನ್ನು ನಡುಬೀದಿಯಲ್ಲಿ ತಡೆದರು. “ಏನ್ರೀ ಮೇಷ್ಟ್ರೇ, ಆ ತಾಯೀನ ಹುಚ್ಚಿ ಅಂತ ಬರದ್ರಂತೆ? ಒತ್ತು ಸರಿಯಾಗಿ ಕೊಟ್ಟಿದ್ರೋ ಇಲ್ಲೋ? ನಮ್ಮ ಹುಡುಗ್ರು ಒಂದು ಒತ್ತು ಬಿಟ್ರೆ ಬೆತ್ತ ಹಿಡೀತಿದ್ರಲ್ಲ!” ನಿಮಗೆ ಸಲ್ಲಬೇಕಾದ ಮಾತಿನಲ್ಲಿ ನನ್ನ ಪಾಲೂ ಇತ್ತು. ಒತ್ತು ಸರಿಯಾಗಿಯೇ ಇತ್ತು, ಮಾನ್ಯರೇ. ಪದವೇ ತಪ್ಪು.

ಆದ್ದರಿಂದ ಓದುಗರೆಲ್ಲರ ಮುಂದೆ ಆ ಪದವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ದಿಲ್‌ಶಾದ್ ಬೇಗಂ ಅವರಿಗೆ ಹುಚ್ಚಿರಲಿಲ್ಲ. ಇಬ್ಬರು ಮಕ್ಕಳನ್ನು ಮಣ್ಣುಮಾಡಿದ ತಾಯಿಗೆ ಇರಬೇಕಾದ ದುಃಖವಿತ್ತು. ಇನ್ನು ನನ್ನ ದಾಖಲೆಯನ್ನು ಕಾರಣವಾಗಿ ತೋರಿಸುವ ಹಕ್ಕು ನಿಮಗಿಲ್ಲ. ಆದೇಶವನ್ನು ಮೊದಲನೆಯ ತಾರೀಖಿನೊಳಗೆ ರದ್ದುಪಡಿಸಿ. ಆ ಪಟ್ಟಿ ಗಣತಿಯ ಕಟ್ಟಿನಿಂದ ಸಮಿತಿಯ ಮೇಜಿಗೆ ಹೇಗೆ ಬಂತೆಂಬುದಕ್ಕೆ ಲಿಖಿತ ಉತ್ತರ ಕೊಡಿ.

ತಡಮಾಡಬೇಡಿ. ನಿನ್ನೆ ಬಡೇಸಾಬರು ಅಂಗಡಿ ತೆರೆದಿರಲಿಲ್ಲ. ವಿಚಾರಿಸಲು ಹೋದೆ. “ಕಾಗ್ದ ಬಂದಾಗಿಂದ ಕಣ್ಣು ಮುಚ್ಚಿಲ್ಲ ಮೇಷ್ಟ್ರೇ. ಮತ್ತೆ ಗೋಡೆ ಕಡೆ ತಿರುಗ್ಯಾಳೆ” ಎಂದರು. ನಾನು ಅಂದು ಬರೆದದ್ದು ಸುಳ್ಳು. ಅದನ್ನು ನಿಜಮಾಡುವ ಕೆಲಸವನ್ನು ನಿಮ್ಮ ಆದೇಶ ಕೈಗೆತ್ತಿಕೊಂಡಿದೆ.

ಇಂತಿ,
ನಲವತ್ತು ವರ್ಷ ಪರರ ತಪ್ಪು ತಿದ್ದಿ, ತನ್ನದನ್ನು ತಡವಾಗಿ ಕಂಡ
ನಿವೃತ್ತ ಕನ್ನಡ ಉಪಾಧ್ಯಾಯ ಮಹೇಶ್ವರಪ್ಪ
ನ್ಯಾಮತಿ, ಮಾರ್ಚ್ ೧೯೩೨