ಅತ್ತೆಯ ಡೊಂಕು ಸಾಲು

೧೨ ಜುಲೈ, ಶನಿವಾರ. ಮನಗೂಳಿ.

ಎಷ್ಟು ತೊಳೆದರೂ ಕೈಯಿಂದ ಬಟಾಟಿ ಸೊಪ್ಪಿನ ವಾಸನೆ ಹೋಗುತ್ತಿಲ್ಲ.

ಹೋದ ಹಂಗಾಮಿನಲ್ಲಿ ಅಗೆಯುವಾಗ ಕೈಗೆ ಸಿಗದೆ ಉಳಿದ ಬಟಾಟಿಗಳು ಈಗ ಉಳ್ಳಾಗಡ್ಡಿ ನಡುವೆ ತಾವಾಗಿಯೇ ಮೊಳೆತಿವೆ. "ಎಲ್ಲಾ ಕಿತ್ತಬಿಡೂಣು ಸುನೀತಾ. ಇವಕ್ಕ ರೋಗ ಹತ್ತಿದ್ರ ಮುಂದಿನ ಬಟಾಟಿಗೂ ಬರ್ತೈತಿ" ಎಂದರು ಇವರು. ಇಬ್ಬರೂ ಕೀಳಲು ಬಗ್ಗಿದೆವು.

ಅರ್ಧ ಹೊಲ ಮುಗಿದ ಮೇಲೆ ಸೊಂಟ ನೆಟ್ಟಗೆ ಮಾಡಿ ನೋಡಿದೆ. ಉಳಿದ ಗಿಡಗಳು ಡೊಂಕಾಗಿ ಬದುವಿನ ಕಡೆಗೆ ಹೋಗಿದ್ದವು. ಅದು ಅತ್ತೆ ಊರಿದ ಸಾಲು! ಆಗಲೇ ಅವರಿಗೆ ಕಣ್ಣು ಮಂಜಾಗಿತ್ತು. ಸಾಲು ನೆಟ್ಟಗೆ ಬರಲು ಹಗ್ಗ ಹಿಡಿಯುತ್ತೇನೆ ಎಂದರೆ, "ನನ್ನ ಕಾಲಿಗೆ ಹೊಲ ಗೊತ್ತೈತಿ, ನೀ ದೂರ ಸರಿ" ಎಂದು ಗದರಿದ್ದರು. ಯುಗಾದಿಗೆ ಮುಂಚೆ ತೀರಿಕೊಂಡರು.

ಇವರನ್ನು ಕರೆದು ತೋರಿಸಿದೆ. "ಅವ್ವ ಇಲ್ಲಿ ಹೊಳ್ಳ್ಯಾಳ ನೋಡು" ಎಂದು ನಕ್ಕರು. ಕಣ್ಣು ಒರೆಸಿಕೊಂಡರು.

ಆ ಸಾಲಿಗೆ ನನ್ನ ಕೈ ಹಚ್ಚಗೊಡಲಿಲ್ಲ. ತಮ್ಮವ್ವ ನಡೆದಂತೆಯೇ ಡೊಂಕಾಗಿ ನಡೆಯುತ್ತ, ಒಂದೊಂದೇ ಗಿಡವನ್ನು ಗಡ್ಡೆ ಸಮೇತ ತಾವೇ ಕಿತ್ತರು. ಸಂಜೆ ಮನೆಗೆ ಹೊರಟಾಗ ತಿರುಗಿ ನೋಡಿದೆ. ಬರೀ ಉಳ್ಳಾಗಡ್ಡಿ ಸಾಲುಗಳು, ಎಲ್ಲವೂ ನೆಟ್ಟಗೆ. ಅತ್ತೆ ಎಲ್ಲಿ ಹೊರಳಿದ್ದರು ಎಂದು ನನಗೂ ಆಗಲೇ ಗುರುತು ಸಿಗಲಿಲ್ಲ.