ಹೆಲಿಕಾಪ್ಟರಿನ ಅಂಗಳದಲ್ಲಿ ಒಡೆದ ಕಾಯಿ

ಸಾಂಕೋಲೆ,
೨೨ ಜನವರಿ ೨೦೨೬

ಜೀವದ ಗೆಳತಿ ಫಿರ್ದೋಸಳಿಗೆ ದ್ರಾಕ್ಷಾಯಿಣಿಯ ಪ್ರೀತಿಯ ನೆನಪುಗಳು. ನಿನ್ನ ಮಗಳಿಗೆ ಗಲ್ಲ ಹಿಂಡಿ ಒಂದು ಮುತ್ತು.

ಬಾಣಂತಿಯ ಕಣ್ಣು ಕೆಡುತ್ತದೆ ಎಂದು ನಿಮ್ಮ ಅಮ್ಮಿ ಫೋನು ಕಸಿದು ಟ್ರಂಕಿನಲ್ಲಿ ಇಟ್ಟಿದ್ದಾರಂತೆ. ಒಳ್ಳೆಯದೇ ಆಯಿತು, ಫೋನಿನಲ್ಲಿ ಹೇಳಿ ಮುಗಿಯುವ ಸುದ್ದಿ ಇದಲ್ಲ. ನಿನ್ನ ಗಂಡ ಮುಸ್ತಾಕಣ್ಣ ನಾಳೆ ಲಾರಿ ತೆಗೆದುಕೊಂಡು ಹುಬ್ಬಳ್ಳಿಗೆ ಹೊರಟಿದ್ದಾರೆ. ಅವರ ಕೈಯಲ್ಲೇ ಕೊಡುತ್ತೇನೆ. ದಾರಿಯಲ್ಲಿ ಓದಬಾರದೆಂದು ಗಟ್ಟಿಯಾಗಿ ಅಂಟು ಹಚ್ಚುತ್ತೇನೆ.

ನಿನ್ನ ಚಿಂತೆ ಏನೆಂದು ನನಗೆ ಗೊತ್ತು. ಹೆರಿಗೆಗೆ ಹೋದವಳ ಜಾಗ ಎಷ್ಟು ದಿನ ಖಾಲಿ ಇಡಲಿ, ಹೊಸ ಹೆಲಿಕಾಪ್ಟರ್ ಬಂದ ಕೂಡಲೇ ಬೇರೆ ಹೆಂಗಸನ್ನು ಹಾಕಿಕೊಳ್ಳುತ್ತೇನೆ ಎಂದು ನಮ್ಮ ಗುಡಿಸುವ ಗುಂಪಿನ ಮೇಸ್ತ್ರಿ ಸಂಗಣ್ಣ ಹೇಳುತ್ತಲೇ ಇದ್ದ. ನಾನು ಇಂದು, ನಾಳೆ ಎನ್ನುತ್ತ ತಳ್ಳಿಕೊಂಡು ಬಂದೆ. ನಿನ್ನ ಪೊರಕೆಯನ್ನು ಸಹ ಯಾರಿಗೂ ಮುಟ್ಟಗೊಡಲಿಲ್ಲ.

ನಿನ್ನೆ ಬಂದವು ನೋಡು! ನೌಕಾಪಡೆ ಹೊಸದಾಗಿ ಕೊಂಡ ಹೆಲಿಕಾಪ್ಟರುಗಳಲ್ಲಿ ಮೊದಲ ಜೋಡಿ. ಹಳೆಯವು ನಮ್ಮ ಕಣ್ಣೆದುರೇ ಮುದಿಯಾದವು, ಇವು ಮಾತ್ರ ಮದುವಣಗಿತ್ತಿಯರ ಹಾಗೆ ಹೊಳೆಯುತ್ತವೆ. ನಾವು ಬೆಳಿಗ್ಗೆಯೇ ಅಂಗಳ ಗುಡಿಸಿ, ಸಾಲಾಗಿ ನಡೆದು, ಬಗ್ಗಿ ಬಗ್ಗಿ ಹರಳು ಆರಿಸಿದ್ದೆವು. ಒಂದೇ ಒಂದು ಹರಳು ಇಂಜಿನ್ನಿಗೆ ಹಾರಿದರೂ ಮುಗಿಯಿತು ಎಂದು ನನಗೆ ಕಲಿಸಿದವಳು ನೀನೇ.

ಅಷ್ಟು ಕಲಿತ ನಾನು ಏನು ಮಾಡಿದೆ ಗೊತ್ತೇ? ಹೊಸ ಎತ್ತೋ ಟ್ರ್ಯಾಕ್ಟರೋ ಬಂದರೆ ಬರಿಗೈಯಲ್ಲಿ ಒಳಗೆ ಕರೆಯುತ್ತಾರೆಯೇ? ಚೀಲದಲ್ಲಿ ಒಂದು ತೆಂಗಿನಕಾಯಿ ಒಯ್ದಿದ್ದೆ. ಸಾಹೇಬರ ಪೂಜೆಯದಿರಬೇಕೆಂದು ಗೇಟಿನವನು ಬಿಟ್ಟ. ಹೆಲಿಕಾಪ್ಟರ್ ನಿಲ್ಲುವ ಹಳದಿ ಗೆರೆಯ ಮೇಲೆ ನಿಂತು, ಕಣ್ಣು ಮುಚ್ಚಿ, ಫಟ್ಟನೆ ಒಡೆದುಬಿಟ್ಟೆ. ಮೇಲೊಂದು ಹಿಡಿ ಅಕ್ಷತೆ ಬೇರೆ. ಚಿಪ್ಪಿನ ಚೂರು ಅಷ್ಟಗಲ ಸಿಡಿಯಿತು. ನಿಜ ಹೇಳುತ್ತೇನೆ, ಅದು ಕಸವೆಂದು ನನಗೆ ಹೊಳೆಯಲೇ ಇಲ್ಲ. ಪ್ರಸಾದವನ್ನು ಯಾರಾದರೂ ಕಸ ಅಂದುಕೊಳ್ಳುತ್ತಾರೆಯೇ?

ಅಷ್ಟರಲ್ಲಿ ಸಮುದ್ರದ ಕಡೆಯಿಂದ ಸದ್ದು ಕೇಳಿಸಿತು. ಅಂಗಳದ ಉಸ್ತುವಾರಿ ಮೇಡಂ ಓಡಿಬಂದು, ನೆಲ ನೋಡಿ, ವೈರ್‌ಲೆಸ್ಸಿನಲ್ಲಿ ಏನೋ ಹೇಳಿದರು. ಇಳಿಯಬೇಕಿದ್ದ ಎರಡೂ ಹೆಲಿಕಾಪ್ಟರುಗಳು ಇಳಿಯದೆ ಸಮುದ್ರದ ಮೇಲೆ ಸುತ್ತು ಹಾಕತೊಡಗಿದವು. ಸಂಗಣ್ಣನ ಮುಖ ಬಿಳಿಚಿಕೊಂಡಿತು.

"ಏನ್ ಮಾಡಿದಿ ಬೇ ದ್ರಾಕ್ಷಾಯಿಣಿ? ನಿನ್ನ ಕೆಲಸಾನೂ ಹೋತು, ಆ ಫಿರ್ದೋಸಂದೂ ಹೋತು," ಎಂದ.

ನನ್ನದು ಹೋದರೆ ಹೋಗಲಿ, ನಿನ್ನದು? ಅಲ್ಲೇ ಮಂಡಿಯೂರಿ ಆರಿಸತೊಡಗಿದೆ. ಯಾರೂ ಹೇಳದೆಯೇ ದೇವಿಬಾಯಿ, ಚಮನಬಿ, ನಮ್ಮ ಗುಂಪಿನವರೆಲ್ಲ ಪಕ್ಕಕ್ಕೆ ಬಂದು ಕೂತರು. ಚೂರು ಸಿಕ್ಕವು, ಅಕ್ಕಿಕಾಳು ಮಾತ್ರ ಮುಗಿಯಲೊಲ್ಲವು. ಇಷ್ಟು ಅಕ್ಕಿಯಲ್ಲಿ ಒಂದು ಪಲಾವ್ ಆಗುತ್ತಿತ್ತಲ್ಲೇ ಎಂದು ಚಮನಬಿ ಗೊಣಗಿದಳು. ಆ ಗಾಬರಿಯಲ್ಲೂ ಎಲ್ಲರಿಗೂ ನಗು. ಮೇಡಂ ಸಹ ಬಗ್ಗಿ ಆರಿಸಿದರು.

ನೆಲ ಹಸನಾಯಿತು, ಎರಡೂ ಇಳಿದವು. ಆ ಗಾಳಿಗೆ ನಮ್ಮ ಸೆರಗು ನಿಲ್ಲಲಿಲ್ಲ, ನಾವು ಕಣ್ಣು ಮುಚ್ಚಲಿಲ್ಲ. ಆಮೇಲೆ ಮೇಡಂ ನನ್ನನ್ನು ಕರೆದು ಯಾಕೆ ಒಡೆದೆ ಎಂದು ಹಿಂದಿಯಲ್ಲಿ ಕೇಳಿದರು. ಹೊಸದು ಮನೆಗೆ ಬಂದರೆ ನಮ್ಮಲ್ಲಿ ಹೀಗೆಯೇ ಎಂದೆ. ಅವರು ನಗು ನುಂಗಿಕೊಂಡು, ಇನ್ನು ಮುಂದೆ ಒಡೆಯುವುದಿದ್ದರೆ ಗೇಟಿನ ಹೊರಗೆ, ತಾಟಿನಲ್ಲಿ ಎಂದು ತಾಕೀತು ಮಾಡಿದರು. ಸಂಗಣ್ಣನ ಕಡೆ ತಿರುಗಿ, ಮಳೆಗಾಲದೊಳಗೆ ಇನ್ನೂ ಹೆಲಿಕಾಪ್ಟರುಗಳು ಬರುತ್ತವೆ, ಅಂಗಳ ದೊಡ್ಡದಾಗುತ್ತದೆ, ಯಾರನ್ನೂ ತೆಗೆಯಬೇಡ, ಕೆಲಸ ಬಲ್ಲವರನ್ನು ಇನ್ನಷ್ಟು ಕರೆತಾ ಎಂದರು. ಅವನು ಬಾಯಿ ತೆರೆಯುವ ಮೊದಲೇ ನಾನು ಫಿರ್ದೋಸ ಎಂದುಬಿಟ್ಟೆ.

"ಆತು, ಬಾ ಅನ್ನು ಆಕಿಗೆ. ಕಾಯಿ ಮಾತ್ರ ತರಬ್ಯಾಡ ಅನ್ನು," ಎಂದ ಸಂಗಣ್ಣ.

ನಲವತ್ತು ದಿನ ತುಂಬಿದ ಮೇಲೆ ಬಂದುಬಿಡು. ಮಗುವನ್ನು ನಮ್ಮ ಅತ್ತೆ ಹನುಮವ್ವ ನೋಡಿಕೊಳ್ಳುತ್ತಾರೆ. ತೊಟ್ಟಿಲಿಗೆ ಈಗಲೇ ಹಳೆಯ ಸೀರೆ ಹುಡುಕುತ್ತಿದ್ದಾರೆ. ಫಿರ್ದೋಸ, ನನಗೆ ಎಷ್ಟು ಸಂತೋಷವಾಗಿದೆ ಎಂದರೆ ನಿನ್ನೆಯಿಂದ ಸುಮ್ಮಸುಮ್ಮನೆ ನಗುತ್ತಿದ್ದೇನೆ.

ನಿನ್ನ ಪೊರಕೆ ಕಾಯುತ್ತಿರುವ,
ದ್ರಾಕ್ಷಾಯಿಣಿ

ತಾ.ಕ.: ಕಾಯಿ ಎಲ್ಲಿಯದೆಂದು ಸಂಗಣ್ಣ ಇವತ್ತೂ ಕೇಳಿದ. ನನ್ನದೇ ಎಂದೆ. ಊರಿಗೆ ಹೊರಟ ದಿನ ನೀನು ಅದನ್ನು ನನ್ನ ಕೈಗಿಟ್ಟು, "ಮೊದಲನೇದ್ದು ಬಂದ ದಿನ ನನ್ನ ಹೆಸರಲೆ ಒಡಿ, ನನ್ನ ಜಾಗಾ ಉಳೀಲಿ" ಅಂದದ್ದು ನಮ್ಮಿಬ್ಬರಲ್ಲೇ ಇರಲಿ. ಕಾಯಿಯೊಳಗೆ ಹೂವು ಬಂದಿತ್ತು ಕಣೇ. ಅದೊಂದನ್ನು ಕಸದ ಡಬ್ಬಿಗೆ ಹಾಕದೆ ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಸಕ್ಕರೆ ಹಚ್ಚಿ ನಾನೇ ತಿಂದೆ, ನಿನ್ನ ಪಾಲೂ ಸೇರಿಸಿ.