ಗಂಟಿನ ಪ್ರಶ್ನೆ

ಹೆಡತಲೆ

ಮಾದೇವಕ್ಕ,

ಆಶಾ ಕಾರ್ಯಕರ್ತೆಯ ಆರೋಗ್ಯ ಸರ್ವೆ ಫಾರಂ ಹಿಡಿದು ಇವತ್ತು ಮತ್ತೆ ನಿಮ್ಮ ಮನೆಗೆ ಹೋಗಿದ್ದೆ. ನಿನ್ನ ಮಗಳು ಮಧುಶ್ರೀಗೆ ಮೂವತ್ತು ತುಂಬಿದೆ, ಇನ್ನು ಅವಳ ಫಾರಂ ಕೂಡ ತುಂಬಬೇಕು. ಒಳಗೆ ಕರೆದೊಯ್ದು, ಎದೆಯಲ್ಲಿ ಗಂಟೇನಾದರೂ ಇದೆಯೇ ಎಂದು ಕೇಳಿದೆ.

"ಎರಡ್ ಮಕ್ಳಿಗೆ ಹಾಲು ಕುಡ್ಸಿವ್ನಿ ಕಣಕ್ಕ, ನಂಗ್ಯಾಕ್ ಬತ್ತದೆ?" ಎಂದು ನಕ್ಕಳು. ನಾಲ್ವರಿಗೆ ಕುಡಿಸಿದ ನೀನು ಆ ಗಂಟಿನಿಂದಲೇ ಹೋದದ್ದು ನೆನಪಾಯಿತೇನೋ, ನಗು ನಿಲ್ಲಿಸಿದಳು.

"ನಮ್ಮವ್ವುನ್ನೂ ಇಂಗೇ ಕೇಳಿದ್ರಾ?"

"ಕೇಳಿದ್ದೆ ಕಣವ್ವ. ಇಲ್ಲ ಅಂದ್ಲು."

ನಿನ್ನ ಫಾರಂ ತುಂಬಿದ ದಿನ ಜಗಲಿಯಲ್ಲಿ ನಿನ್ನ ಮಾವ, ಮೈದುನ ಕೂತಿದ್ದರು. ಹೊಗೆಸೊಪ್ಪು ಹಾಕುತ್ತೀಯಾ ಎಂದಷ್ಟೇ ನಿನ್ನನ್ನು ಕೇಳಿ, ಗಂಟಿನ ಪ್ರಶ್ನೆಗೆ 'ಇಲ್ಲ' ಎಂದು ನಾನೇ ಗುರುತು ಹಾಕಿದೆ. ಆಗ ನೀನು ಒಳಗೆ ಒಬ್ಬಳೇ ನನಗೆ ಕಾಫಿ ಕಾಯಿಸುತ್ತಿದ್ದೆ.